ಓಣಿಯ ವಂಶಾವಳಿ

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬಳ್ಳಾರಿ ದಂಡಿನ ಒಬ್ಬ ಇಂಗ್ಲಿಷ್ ಸೈನಿಕನಿಗೆ ಮಗು ಹುಟ್ಟಿ, ಪಾದ್ರಿಯೊಬ್ಬರು ಅದಕ್ಕೆ ದೀಕ್ಷಾಸ್ನಾನ ಮಾಡಿಸಿದ್ದರೆ, ಆ ಮಗುವಿನ ಹೆಸರು ಇಂದಿಗೂ ಸಿಗುವ ಸಂಭವ ಬಹಳ. ತಂದೆ ತಾಯಿಯ ಹೆಸರು, ತಂದೆಯ ಹುದ್ದೆ, ದಿನಾಂಕಗಳು ಅದರ ಜೊತೆಗೇ ಇರುತ್ತವೆ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಾವುಗಳ ಪಟ್ಟಿಯ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಹುಪಾಲು ಗಣಕಕ್ಕೂ ಏರಿವೆ. ಆ ಮಗುವಿನ ಮರಿಮಗಳ ಮಗ ಇವತ್ತು ಮೆಲ್ಬರ್ನಿನಲ್ಲಿ ಕೂತು ತನ್ನ ಹಿರಿಯರು ಬಳ್ಳಾರಿಯಲ್ಲಿದ್ದರೆಂದು ಒಂದು ಸಂಜೆಯಲ್ಲಿ ತಿಳಿದುಕೊಳ್ಳಬಹುದು. ಆ ಸೈನಿಕನ ಅಂಗಿ ಹೊಲಿದ ದರ್ಜಿ, ಬಟ್ಟೆ ಒಗೆದ ಅಗಸ, ನೀರು ಹೊತ್ತ ಭಿಸ್ತಿ, ಕುದುರೆಗೆ ಹುರುಳಿ ಒದಗಿಸಿದ ವ್ಯಾಪಾರಿ ಇವರೆಲ್ಲ ಪಕ್ಕದ ಕೌಲ್ ಬಜಾರಿನಲ್ಲಿದ್ದರು. ಅವರ ಮನೆಗಳಲ್ಲೂ ಅದೇ ವರ್ಷ ಮಕ್ಕಳು ಹುಟ್ಟಿದವು. ಆ ಮಕ್ಕಳ ಮರಿಮಕ್ಕಳು ಇವತ್ತು ಅದೇ ಓಣಿಯಲ್ಲಿ ಜೀನ್ಸ್ ಹೊಲಿಯುತ್ತಿರಬಹುದು, ಅಮೆರಿಕದಲ್ಲಿ ವೈದ್ಯರಾಗಿರಬಹುದು. ಅಜ್ಜನ ಅಜ್ಜ ಯಾರೆಂದು ಕೇಳಿದರೆ ಅವರ ಬಳಿ ಉತ್ತರವಿಲ್ಲ. ವಲಸೆ ಬಂದು ನೆಲೆಸಿದ ಇಂಥ ಜನರ ವಂಶಾವಳಿಯನ್ನು ಒಂದೊಂದೇ ಮನೆಯವರು ತಮ್ಮಷ್ಟಕ್ಕೆ ಬರೆಯಲಾರರು. ಅದನ್ನು ಓಣಿ ಓಣಿಯಾಗಿ, ಎಲ್ಲ ಮನೆಗಳನ್ನೂ ಸೇರಿಸಿಯೇ ಬರೆಯಬೇಕು ಎಂಬುದು ನನ್ನ ವಾದ.

ನಮ್ಮ ಕಡೆ ವಂಶಾವಳಿಯ ಸಂಪ್ರದಾಯವೇ ಇಲ್ಲವೆಂದೇನಲ್ಲ. ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೋಗುವಾಗ ಸಿಗುವ ಕುರುಗೋಡಿನಲ್ಲಿ ಆಳಿದ ಸಿಂದರು ತಾವು ನಾಗವಂಶದವರೆಂದು ಹೇಳಿಕೊಂಡು ತಮ್ಮ ಪರಂಪರೆಯನ್ನು ಶಾಸನಗಳಲ್ಲಿ ಕೆತ್ತಿಸಿದರು. ರೈತಾಪಿ ಮನೆತನಗಳಿಗೆ ಹೆಳವರಿದ್ದರು, ಈಗಲೂ ಇದ್ದಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಸುಗ್ಗಿಯ ಮೇಲೆ ಊರಿಗೆ ಬಂದು, ತಮಗೆ ಸೇರಿದ ಒಕ್ಕಲು ಮನೆಗಳ ಮುಂದೆ ನಿಂತು, ಮೂಲ ಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ, ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಕಾಸು ಪಡೆದು ಹೋಗುವವರು ಅವರು. ಯಾವ ಮನೆತನ ಯಾವ ಊರಿನಿಂದ ಯಾಕೆ ಎದ್ದು ಬಂತು ಎಂಬುದನ್ನೂ ಅವರು ಹೇಳುತ್ತಾರೆ. ಜಗತ್ತಿನ ಯಾವ ದಾಖಲೆ ಸಂಸ್ಥೆಗೂ ಕಡಿಮೆಯಿಲ್ಲದ ಕೆಲಸ ಅದು. ಅದನ್ನು ನಾವು ಭಿಕ್ಷಾಟನೆಯ ಲೆಕ್ಕಕ್ಕೆ ಹಾಕಿದ್ದು ದೊಡ್ಡ ಅನ್ಯಾಯ. ಇನ್ನು ಇನಾಂ ಭೂಮಿಯಿದ್ದವರ ವಂಶವನ್ನು ಸರ್ಕಾರವೇ ಬರೆಸಿತು. 1858ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಶುರುವಾದ ಇನಾಂ ಕಮಿಷನ್ನು ಯಾರು ಯಾರ ಮಗ, ಇನಾಮು ಯಾರಿಂದ ಯಾರಿಗೆ ಬಂತು ಎಂದು ಕೇಳಿ ಕೇಳಿ ದಾಖಲಿಸಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಳಿದವನಿಗೆ, ಹೊಲವಿದ್ದವನಿಗೆ, ಇನಾಮು ಉಂಡವನಿಗೆ ವಂಶಾವಳಿ ಸಿಕ್ಕಿತು. ಕೂಲಿಯವರಿಗೂ ಸಿಕ್ಕ ಒಂದು ಸಂದರ್ಭವಿದೆ: 1860ರಿಂದ 1911ರವರೆಗೆ ಗಿರ್ಮಿಟ್ ಎಂಬ ಕೂಲಿ ಕರಾರಿಗೆ ಒಳಪಟ್ಟು ದಕ್ಷಿಣ ಆಫ್ರಿಕಾದ ನಟಾಲಿಗೆ ಹೋದ 1,52,184 ಜನರ ಹಡಗಿನ ಪಟ್ಟಿಗಳು. ಅವುಗಳಲ್ಲಿ ತಂದೆಯ ಹೆಸರು, ಜಾತಿ, ಜಿಲ್ಲೆ, ಊರು ಎಲ್ಲದಕ್ಕೂ ಕಾಲಂಗಳಿದ್ದವು. ಕರಾರಿನಿಂದ ಕಟ್ಟಿಹಾಕಿದ ಆಳು ತಪ್ಪಿಸಿಕೊಂಡರೆ ಹುಡುಕಬೇಕಾಗಿತ್ತು, ಅದಕ್ಕೆ ಬರೆದಿಟ್ಟರು. ಕರಾರಿಲ್ಲದೆ, ಹೊಲವಿಲ್ಲದೆ, ಕೈಕಸುಬು ನಂಬಿ ದಂಡಿನ ಬಜಾರಿಗೆ ಬಂದವನನ್ನು ಬರೆದಿಡುವ ಅಗತ್ಯ ಯಾರಿಗೂ ಬೀಳಲಿಲ್ಲ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿ ಪ್ರಿನ್ಸಿಪಲ್ ಕಲೆಕ್ಟರಾಗಿ 1807ರವರೆಗೆ ಇದ್ದು ರೈತವಾರಿ ಪದ್ಧತಿಯನ್ನು ಗಟ್ಟಿಮಾಡಿದ. ಬಳ್ಳಾರಿ ದೊಡ್ಡ ಸೈನ್ಯದ ನೆಲೆಯಾಯಿತು. ಸೈನ್ಯ ಬಂದ ಕಡೆ ಅದಕ್ಕೆ ಬೇಕಾದ ಜನ ಬರುತ್ತಾರೆ. ತಮಿಳು ಸೀಮೆಯಿಂದ, ಹೈದರಾಬಾದಿನ ಕಡೆಯಿಂದ, ತೆಲುಗು ಜಿಲ್ಲೆಗಳಿಂದ, ಮರಾಠಿ ಮಾತಾಡುವ ಕಡೆಯಿಂದ ಬಂದವರು ಸೇರಿ ದಂಡಿನ ಸುತ್ತ ಬದುಕು ಕಟ್ಟಿದರು. ಇವತ್ತೂ ಕೌಲ್ ಬಜಾರಿನಲ್ಲಿ ಉರ್ದು, ತೆಲುಗು, ತಮಿಳು, ಕನ್ನಡ ಒಂದೇ ಬೀದಿಯಲ್ಲಿ ಕೇಳುತ್ತವೆ. 1876ರಿಂದ 1878ರ ಬರಗಾಲ ಈ ಜಿಲ್ಲೆಯನ್ನು ಹಿಂಡಿತು. ಊರುಗಳು ಖಾಲಿಯಾದವು, ಜನ ಗುಳೆ ಎದ್ದರು. ಇದರ ಮೇಲೆ 1953ರ ಅಕ್ಟೋಬರ್ 1 ಬಂತು. ಅಂದು ಬಳ್ಳಾರಿ ಮದ್ರಾಸ್ ರಾಜ್ಯದಿಂದ ಬಿಟ್ಟು ಮೈಸೂರು ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರಕ್ಕೆ ಹೋದವು. ಒಂದೇ ಮನೆತನದ ಅಣ್ಣನ ಕಾಗದಗಳು ಬಳ್ಳಾರಿಯಲ್ಲಿ, ತಮ್ಮನದು ಕರ್ನೂಲು ಜಿಲ್ಲೆಯಲ್ಲಿ, ಅವರ ತಾತನದು ಮದ್ರಾಸಿನ ದಫ್ತರದಲ್ಲಿ. ಒಂದು ಇಂಗ್ಲಿಷ್, ಒಂದು ತೆಲುಗು, ಒಂದು ಕನ್ನಡ. ಬಳ್ಳಾರಿಯ ಒಂದೇ ಮನೆಯಲ್ಲಿ 1950ರಲ್ಲಿ ಹುಟ್ಟಿದವರು ಮದ್ರಾಸಿನವರು, 1954ರಲ್ಲಿ ಹುಟ್ಟಿದವರು ಮೈಸೂರಿನವರು.

ಇಂಥದೇ ಗೋಜಲಿನಿಂದ ಹಾದುಹೋಗಿ, ಅದನ್ನು ಬಹುಮಟ್ಟಿಗೆ ಗೆದ್ದವರು ಅಮೆರಿಕದ ಯಹೂದಿ ಕುಟುಂಬಗಳು. 1881ರಿಂದ 1924ರ ನಡುವೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಪೂರ್ವ ಯೂರೋಪಿನಿಂದ ಅಮೆರಿಕಕ್ಕೆ ಬಂದರು. 1924ರ ವಲಸೆ ಕಾಯ್ದೆ ಬಾಗಿಲು ಮುಚ್ಚಿತು. ಅವರು ಬಿಟ್ಟುಬಂದ ಗಲೀಷಿಯಾದಂಥ ಸೀಮೆ ಒಂದೇ ಶತಮಾನದಲ್ಲಿ ಆಸ್ಟ್ರಿಯಾ, ಪೋಲೆಂಡ್, ಸೋವಿಯತ್ ಒಕ್ಕೂಟ, ಉಕ್ರೇನ್ ಎಂದು ಕೈ ಬದಲಾಯಿಸಿತು. ಊರಿನ ಹೆಸರು ಬದಲಾಯಿತು, ದಾಖಲೆಯ ಭಾಷೆ ಬದಲಾಯಿತು. ಅವರಿಗೆ ಮನೆತನದ ಹೆಸರುಗಳೂ ಹಳೆಯವಲ್ಲ. ಇಂಥವನ ಮಗ ಇಂಥವ ಎಂದೇ ನಡೆದುಕೊಂಡು ಬಂದವರ ಮೇಲೆ ಆಸ್ಟ್ರಿಯಾ 1787ರಲ್ಲಿ, ರಷ್ಯಾ 1804ರಲ್ಲಿ, ಪ್ರಷ್ಯಾ 1812ರಲ್ಲಿ ಅಡ್ಡಹೆಸರುಗಳನ್ನು ಕಡ್ಡಾಯ ಮಾಡಿದವು. ಅಮೆರಿಕಕ್ಕೆ ಬಂದ ಮೇಲೆ ಆ ಹೆಸರುಗಳನ್ನೂ ಹಲವರು ಬಿಟ್ಟರು. ವಲಸಿಗರು ಬಂದಿಳಿಯುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತರು ಬಾಯಿಗೆ ಬಂದಂತೆ ಹೆಸರು ಬದಲಿಸಿದರೆಂಬ ಕಥೆ ಮನೆಮನೆಯಲ್ಲಿದೆ, ಅದು ನಿಜವಲ್ಲ. ಗುಮಾಸ್ತರ ಮುಂದೆ ಇದ್ದದ್ದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿ. ಹೆಸರು ಬದಲಿಸಿಕೊಂಡವರು ವಲಸಿಗರೇ, ಮುಂದೆ, ಕೆಲಸಕ್ಕಾಗಿ, ಅವಮಾನ ತಪ್ಪಿಸಿಕೊಳ್ಳುವುದಕ್ಕಾಗಿ. ಇಷ್ಟರ ನಡುವೆ ಅವರು ತಮ್ಮ ಎಳೆ ಹಿಡಿದದ್ದು ಹೇಗೆ? ಊರನ್ನು ಹಿಡಿದು. ಒಂದೊಂದು ಹುಟ್ಟೂರಿನವರು ನ್ಯೂಯಾರ್ಕಿನಲ್ಲಿ ತಮ್ಮ ಊರಿನ ಹೆಸರಲ್ಲೇ ಸಂಘ ಕಟ್ಟಿ, ಕಾಯಿಲೆಗೆ ನೆರವು, ಸಾಲ, ಸ್ಮಶಾನದಲ್ಲಿ ಒಟ್ಟಿಗೆ ಜಾಗ ಎಂದು ಕೂಡಿಕೊಂಡಿದ್ದರು. ನಾಜಿಗಳ ಕೈಯಲ್ಲಿ ಆ ಊರುಗಳು ನಾಶವಾದ ಮೇಲೆ ಬದುಕುಳಿದವರು ಊರಿಗೊಂದರಂತೆ ನೂರಾರು ಸ್ಮರಣ ಗ್ರಂಥಗಳನ್ನು ತಂದರು: ಯಾವ ಬೀದಿಯಲ್ಲಿ ಯಾರ ಮನೆ, ಯಾರ ಅಂಗಡಿ, ಯಾರು ಸತ್ತರು. ನ್ಯೂಯಾರ್ಕಿನಲ್ಲಿ ಯಹೂದಿ ವಂಶಾವಳಿ ಸಂಘ ಹುಟ್ಟಿದ್ದು 1977ರಲ್ಲಿ. ಪೋಲೆಂಡಿನ ದಾಖಲೆಗಳಿಗೆ ಸ್ವಯಂಸೇವಕರು 1995ರಿಂದ ಸೂಚಿ ತಯಾರಿಸುತ್ತ ಬಂದಿರುವುದೂ ಊರಿನ ಲೆಕ್ಕದಲ್ಲೇ. ಒಬ್ಬ ತನ್ನ ತಾತನನ್ನು ಹುಡುಕಲು ಹೋಗಿ ಇಡೀ ಊರಿನ ಪಟ್ಟಿಯನ್ನು ಬರೆಯುತ್ತಾನೆ. ಇನ್ನೊಬ್ಬನ ತಾತ ಅದರಲ್ಲಿ ಸಿಗುತ್ತಾನೆ. ಅವರ ಸಮಾಧಿ ಕಲ್ಲುಗಳೂ ಅವರ ನೆರವಿಗೆ ಬಂದವು. ಸತ್ತವರ ಹೆಸರಿನ ಜೊತೆ ತಂದೆಯ ಹೆಸರನ್ನೂ ಹೀಬ್ರೂವಿನಲ್ಲಿ ಕೆತ್ತುವುದು ರೂಢಿಯಾದ್ದರಿಂದ ಒಂದು ಕಲ್ಲು ಎರಡು ತಲೆಮಾರು ಹೇಳುತ್ತದೆ. ಬೆಂಗಳೂರಿನ ಮೈಸೂರು ರಸ್ತೆಯ ಬಳಿ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಜಾಗದಲ್ಲೂ ಅಂಥದೊಂದು ಯಹೂದಿ ಸ್ಮಶಾನವಿದೆ. ಸುಡುವವರಿಗೂ, ಹೂತು ಹೆಸರಿಲ್ಲದ ಮಣ್ಣಿನ ದಿಬ್ಬ ಬಿಡುವವರಿಗೂ ಆ ಅನುಕೂಲವಿಲ್ಲ. ನಮಗೆ ಕಾಗದವೇ ಗತಿ.

ಕಾಗದದಲ್ಲಿ ಹುಡುಕುವಾಗಲೂ ಹೆಸರು ಹಿಡಿದು ಹೊರಟರೆ ನಮ್ಮಲ್ಲಿ ದಾರಿ ಸಾಗುವುದಿಲ್ಲ. ತೆಲುಗು ಮನೆಗಳಲ್ಲಿ ಇಂಟಿಪೇರು ಎಂಬ ಮನೆತನದ ಹೆಸರು ತಲೆಮಾರು ದಾಟುತ್ತದೆ, ಸರಿ. ತಮಿಳು ಮನೆಗಳಲ್ಲಿ ತಂದೆಯ ಹೆಸರಿನ ಒಂದಕ್ಷರ ಮುಂದೆ ಕೂರುತ್ತದೆ, ಮಗನ ಕಾಲಕ್ಕೆ ಅದು ಬೇರೆ ಅಕ್ಷರ. ಮುಸ್ಲಿಮರ ಅನೇಕ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೋಗುವ ಅಡ್ಡಹೆಸರೇ ಇಲ್ಲ. ಕನ್ನಡಿಗರಲ್ಲಿ ಊರಿನ ಹೆಸರು, ಮನೆತನದ ಹೆಸರು, ದೇವರ ಹೆಸರು ಎಲ್ಲವೂ ಅಡ್ಡಹೆಸರಾಗುತ್ತವೆ. ಅಮೆರಿಕಕ್ಕೆ ಹೋಗುವ ಹೊತ್ತಿಗೆ ಅಣ್ಣನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಾಗಿ ತಂದೆಯ ಹೆಸರು ಕೂರುತ್ತದೆ, ತಮ್ಮನದರಲ್ಲಿ ಊರಿನ ಹೆಸರು. ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ. ಇಬ್ಬರು ಸಹೋದರರ ಮೊಮ್ಮಕ್ಕಳು ಮುಂದೊಮ್ಮೆ ಒಂದೇ ನಗರದಲ್ಲಿ ಎದುರಾದರೂ ಹೆಸರು ನೋಡಿ ನಂಟು ತಿಳಿಯುವಂತಿಲ್ಲ. ಹೆಸರಿಗಿಂತ ಗಟ್ಟಿಯಾಗಿ ನಿಂತಿರುವುದು ಮನೆ. ಪುರಸಭೆಯ ಮನೆ ಕಂದಾಯದ ಪುಸ್ತಕ, ಮತದಾರರ ಪಟ್ಟಿ, ರೇಷನ್ ಕಾರ್ಡು, ಶಾಲೆಯ ದಾಖಲಾತಿ ಪುಸ್ತಕ ಇವೆಲ್ಲ ಬಾಗಿಲ ನಂಬರು, ಬೀದಿ, ವಾರ್ಡುಗಳ ಲೆಕ್ಕದಲ್ಲಿವೆ. 1899ರ ಮದ್ರಾಸ್ ಜನನ ಮರಣ ಕಾಯ್ದೆಯ ಕಾಲದ ದಾಖಲೆಗಳಲ್ಲಿ ನಾಮಕರಣಕ್ಕೆ ಮೊದಲೇ ಬರೆಸಿದ ಕಾರಣ ಮಗುವಿನ ಹೆಸರಿನ ಜಾಗ ಎಷ್ಟೋ ಸಲ ಖಾಲಿ. ಆದರೆ ಬೀದಿಯ ಹೆಸರು, ತಂದೆಯ ಹೆಸರು ಇರುತ್ತವೆ. ಅಂಥ ಖಾಲಿ ಜಾಗ ತುಂಬಬೇಕಾದರೆ ಆ ಬೀದಿಯಲ್ಲಿ ಆ ವರ್ಷ ಯಾವ್ಯಾವ ಮನೆಗಳಿದ್ದವು ಎಂಬ ಪಟ್ಟಿ ಮುಂದಿರಬೇಕು. ಒಂದು ಮನೆಯವರು ತಮ್ಮ ಮನೆಯನ್ನಷ್ಟೇ ಹುಡುಕಿದರೆ ಆ ಪಟ್ಟಿ ಎಂದಿಗೂ ಆಗುವುದಿಲ್ಲ.

ಓಣಿಯ ಪಟ್ಟಿ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹೆಣ್ಣುಮಕ್ಕಳು. ಹೆಳವರ ಹೇಳಿಕೆ ಮುಖ್ಯವಾಗಿ ಗಂಡುಸಂತತಿಯದು. ಸಿಂದರ ಕಲ್ಲು, ಇನಾಮಿನ ಕಡತ ನಡೆಯುವುದೂ ತಂದೆಯಿಂದ ಮಗನಿಗೆ. ಮಗಳು ಹುಟ್ಟಿದ ಮನೆಯ ಪಟ್ಟಿಯಿಂದ ಮದುವೆಯ ದಿನ ಬಿದ್ದುಹೋಗುತ್ತಾಳೆ. ಸೇರಿದ ಮನೆಯ ಪಟ್ಟಿಯಲ್ಲಿ ಇಂಥವನ ಹೆಂಡತಿ ಎಂದು, ಕೆಲವೊಮ್ಮೆ ಅದೂ ಇಲ್ಲದೆ, ಕಾಣೆಯಾಗುತ್ತಾಳೆ. ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿ ತಯಾರಾದಾಗ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದ್ದರಿಂದ ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು, ನಿಜ. ಹೆಸರಿನ ಬದಲು ನಂಟನ್ನು ಹೇಳುವ ಅಭ್ಯಾಸ ನಮ್ಮ ಕಡೆಗೂ ಹೊಸದಲ್ಲ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷದ ಕಾಗದದಲ್ಲೂ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ಖಾತೆ ಮಾಡಿಸಿಕೊಂಡು, ಆಮೇಲೆ ನ್ಯಾಯಾಲಯ ಹತ್ತಿದ ದಾವೆಗಳಿಗೆ ಲೆಕ್ಕವಿಲ್ಲ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಗೋಡೆ ಕೆಡವಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದು ಉಳಿದ ಸಂದೇಹವನ್ನೂ ಕಳೆಯಿತು. ಕಾನೂನು ಬದಲಾಗಿದೆ, ಮನೆಗಳಲ್ಲಿರುವ ವಂಶಾವಳಿ ಬದಲಾಗಿಲ್ಲ. ಮನೆಯವರೇ ಬರೆದರೆ ಮಗಳು ಬಿಟ್ಟುಹೋಗುವುದು ಸುಲಭ. ಓಣಿಯ ಪಟ್ಟಿಯಲ್ಲಿ ಅವಳು ಹುಟ್ಟಿದ ಮನೆಯ ಹಾಳೆಯಿಂದ ಸೇರಿದ ಮನೆಯ ಹಾಳೆಗೆ ಹೋಗುತ್ತಾಳೆ, ಎರಡೂ ಕಡೆ ದಾಖಲಾಗುತ್ತಾಳೆ. ಒಂದು ಮನೆ ಮುಚ್ಚಿಟ್ಟದ್ದನ್ನು ಇನ್ನೊಂದು ಮನೆಯ ಹಾಳೆ ಹೇಳುತ್ತದೆ. ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿ ನಲುಗಿದ ತಾಯಂದಿರ ಮಕ್ಕಳಿಗೆ ಇದು ಇನ್ನೂ ದೊಡ್ಡ ಮಾತು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಆದರೆ ಅರ್ಜಿ ನಮೂನೆಗಳಲ್ಲಿ ತಂದೆಯ ಹೆಸರಿನ ಕಾಲಂ ಅವರನ್ನು ಬೆನ್ನಟ್ಟುತ್ತಲೇ ಬಂತು. ತಾಯಿಯಿಂದ ತಾಯಿಗೆ ಎಳೆ ಹಿಡಿದು ಬರೆದರೆ ಆ ಕುಟುಂಬಗಳ ಪಟ್ಟಿಯಲ್ಲಿ ಖಾಲಿ ಜಾಗವೇ ಇರುವುದಿಲ್ಲ.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದನ್ನು ಹಗುರವಾಗಿ ಕಾಣಲಾಗದು. ವಂಶಾವಳಿ ಎಂದರೆ ನಮ್ಮಲ್ಲಿ ಜಾತಿಯ ಹೆಮ್ಮೆ ತಾನೆ? ಯಾರ ಮಗ, ಯಾವ ಕುಲ ಎಂದು ಕೇಳುವುದನ್ನು ನಿಲ್ಲಿಸಿ ಎಂದು ವಚನಕಾರರ ಕಾಲದಿಂದ ಹೇಳಿಕೊಂಡು ಬಂದ ನಾಡಿನಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಬೇಕೆ? ಜಾತಿಯ ಹೆಮ್ಮೆ ಬೇಡುವ ವಂಶಾವಳಿ ಒಂದು ನಿರ್ದಿಷ್ಟ ಬಗೆಯದು. ಅದಕ್ಕೆ ಒಬ್ಬ ಮೂಲಪುರುಷ, ಒಂದು ಗಂಡು ಎಳೆ, ಒಂದು ಪವಿತ್ರ ಊರು ಸಾಕು, ಉಳಿದದ್ದು ಅಡ್ಡಿ. ಎಲ್ಲ ಕಡೆಯಿಂದ ಲೆಕ್ಕ ಹಾಕಿದರೆ ಹತ್ತು ತಲೆಮಾರು ಹಿಂದೆ ಒಬ್ಬರಿಗೆ 1,024 ಹಿರಿಯರ ಸ್ಥಾನಗಳಿವೆ. ಸೋದರಮಾವನನ್ನೂ ಅತ್ತೆ ಮಗನನ್ನೂ ಮದುವೆಯಾಗುವ ನಮ್ಮ ಕಡೆ ಎಷ್ಟೋ ಸ್ಥಾನಗಳಲ್ಲಿ ಅದೇ ವ್ಯಕ್ತಿ ಮತ್ತೆ ಬರುತ್ತಾನೆ. ಅಷ್ಟು ಜನರಲ್ಲಿ ಒಬ್ಬನನ್ನು ಆರಿಸಿ ನಾನು ಅವನ ವಂಶ ಎನ್ನುವುದೇ ಹೆಮ್ಮೆಯ ಮೂಲ. ಹೌದು, ಒಳಮದುವೆ ಇರುವವರೆಗೆ ಎರಡು ಕಡೆಯ ಹಿರಿಯರೂ ಒಂದೇ ಜಾತಿಯವರಾಗಿರುತ್ತಾರೆ, ಎಲ್ಲ ಎಳೆ ಬರೆದ ಮಾತ್ರಕ್ಕೆ ಜಾತಿ ಅಳಿಯುವುದಿಲ್ಲ, ಇದನ್ನು ಒಪ್ಪಬೇಕು. ಆದರೆ ಓಣಿಯ ಪಟ್ಟಿ ಜಾತಿಯ ಪಟ್ಟಿಯಲ್ಲ. ಅದರಲ್ಲಿ ಒಂದು ಹಾಳೆಯಲ್ಲಿ ತಮಿಳು ಮನೆ, ಮುಂದಿನದರಲ್ಲಿ ಉರ್ದು ಮನೆ, ಅದರ ಮುಂದೆ 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಕಾಲದಲ್ಲಿ ಮತಾಂತರವಾದ ಮನೆ ಬರಬಹುದು. ಕಸುಬು ಬಿಟ್ಟವರು, ಮತ ಬದಲಿಸಿದವರು, ಜಾತಿಯ ಹೆಸರನ್ನು ಮೆಲ್ಲಗೆ ಮೇಲೇರಿಸಿಕೊಂಡವರು, ಒಪ್ಪಿಗೆಯಿಲ್ಲದ ಮದುವೆ ಮಾಡಿಕೊಂಡು ಬೇರೆ ಮನೆ ಹೂಡಿದವರು ಎಲ್ಲರೂ ಅಲ್ಲಿದ್ದಾರೆ. ಜಾತಿ ಸಂಘಗಳು ಅಚ್ಚುಹಾಕಿಸುವ ವಂಶಚರಿತ್ರೆಗಳಲ್ಲಿ ಇವರಿಗೆ ಜಾಗವಿರುವುದಿಲ್ಲ. ಬರೆಯುವುದನ್ನು ನಾವು ಬಿಟ್ಟರೆ ಆ ಸಂಘಗಳೇನೂ ಬಿಡುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ, ಮತ್ತು ಅದು ಯಹೂದಿಗಳ ಅನುಭವದಿಂದಲೇ ಬರುತ್ತದೆ. 1935ರ ನ್ಯೂರೆಂಬರ್ಗ್ ಕಾಯ್ದೆಗಳು ಯಾರು ಯಹೂದಿ ಎಂಬುದನ್ನು ನಂಬಿಕೆಯಿಂದಲ್ಲ, ಅಜ್ಜ ಅಜ್ಜಿಯರ ಲೆಕ್ಕದಿಂದ ತೀರ್ಮಾನಿಸಿದವು. ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ಸಾಕಿತ್ತು. ಅದನ್ನು ಸಾಬೀತು ಮಾಡಿದ್ದು ಹಳೆಯ ಧಾರ್ಮಿಕ ದಾಖಲೆಗಳೇ. ಬರೆದಿಟ್ಟ ವಂಶಾವಳಿ ಕೊಲೆಗಾರರ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಟು ಸಾಕ್ಷ್ಯ ಬೇಡ. ನಮ್ಮ ದೇಶದಲ್ಲೇ ಅಸ್ಸಾಮಿನ ಪೌರತ್ವ ನೋಂದಣಿ 1971ರ ಮಾರ್ಚ್ 24ರ ನಡುರಾತ್ರಿಯ ಗಡುವಿಗೆ ಮೊದಲಿನ ಹಿರಿಯರ ಜೊತೆ ಕೊಂಡಿ ತೋರಿಸಲು ಹೇಳಿತು, ವಂಶವೃಕ್ಷಗಳನ್ನು ತಾಳೆ ನೋಡಿತು. 2019ರ ಆಗಸ್ಟ್ 31ರ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹಾಗಿದ್ದರೆ ವಲಸಿಗರ ಬಜಾರೊಂದು ತಾನು ಎಲ್ಲಿಂದ ಬಂದೆ ಎಂದು ತಾನೇ ಬರೆದಿಡುವುದು ಅಪಾಯವಲ್ಲವೆ? ಈ ಭಯ ಆಧಾರವಿಲ್ಲದ್ದಲ್ಲ. ಆದರೆ ಅಸ್ಸಾಮಿನಲ್ಲಿ ಹೆಚ್ಚು ಪರದಾಡಿದವರಲ್ಲಿ ಚಿಕ್ಕ ವಯಸ್ಸಿಗೆ ಮದುವೆಯಾಗಿ ಬೇರೆ ಊರಿಗೆ ಹೋದ ಬಡ ಹೆಂಗಸರಿದ್ದರು ಎಂಬುದನ್ನು ಮರೆಯಬಾರದು. ಅವರನ್ನು ತಂದೆಗೆ ಜೋಡಿಸುವ ಕಾಗದ ಇದ್ದದ್ದು ಬಹುಪಾಲು ಒಂದೇ, ಗ್ರಾಮ ಪಂಚಾಯಿತಿಯ ಪ್ರಮಾಣಪತ್ರ. ಅದನ್ನು ಒಪ್ಪಬೇಕೇ ಬೇಡವೇ ಎಂಬುದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರ ಡಿಸೆಂಬರಿನಲ್ಲಿ ಷರತ್ತಿನ ಮೇಲೆ ಒಪ್ಪಿಗೆಯಾಯಿತು. ಸರ್ಕಾರ ಕೇಳುವ ದಿನ ದಾಖಲೆ ಇಲ್ಲದವರಿಗೆ ಮೌನ ರಕ್ಷಣೆ ಕೊಡಲಿಲ್ಲ. ಯಹೂದಿಗಳೂ ಯುದ್ಧ ಮುಗಿದ ಮೇಲೆ ವಂಶಾವಳಿಯನ್ನು ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಹಿಡಿದರು, ಸತ್ತವರ ಹೆಸರು ಉಳಿಸುವ ಕೆಲಸವನ್ನು ಸರ್ಕಾರಕ್ಕೆ ಮಾತ್ರ ಬಿಡದೆ ತಮ್ಮ ಸಂಘಗಳಲ್ಲೂ ಇಟ್ಟುಕೊಂಡರು. ಅಪಾಯ ಇರುವುದು ಪಟ್ಟಿ ಯಾರ ಕೈಯಲ್ಲಿದೆ, ಬದುಕಿರುವವರ ಬಗ್ಗೆ ಅದು ಎಷ್ಟು ಹೇಳುತ್ತದೆ ಎಂಬುದರಲ್ಲಿ. ಆದ್ದರಿಂದ ಸತ್ತವರ ಪಟ್ಟಿ ಓಣಿಯದಾಗಲಿ, ಬದುಕಿರುವವರದು ಮನೆಯೊಳಗೇ ಇರಲಿ ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳಬೇಕು; ಜಾತಿ ಮತಗಳ ಕಾಲಂ ಮನೆಯವರು ಬಯಸಿದರೆ ಮಾತ್ರ.

ಎಂಜಲು ಕೊಟ್ಟರೆ ವಂಶ ಹೇಳುವ ಡಿಎನ್‌ಎ ಪರೀಕ್ಷೆಗಳು ಬಂದಿರುವಾಗ ಈ ಕಷ್ಟವೇಕೆ ಎನ್ನುವವರಿಗೆ ಉತ್ತರ ಚಿಕ್ಕದು. ಆ ಪರೀಕ್ಷೆ ಇಬ್ಬರು ಎಷ್ಟು ಹತ್ತಿರದ ರಕ್ತಸಂಬಂಧಿಗಳೆಂದು ಹೇಳುತ್ತದೆ. ಹೆಸರು, ಊರು, ಯಾಕೆ ಹೊರಟರೆಂಬುದು ಅದರಲ್ಲಿಲ್ಲ, ಮತ್ತು ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿರಬೇಕು. ಕಾಗದದ ವಂಶಾವಳಿ ಇದ್ದ ಕಡೆ ಮಾತ್ರ ಅದಕ್ಕೆ ಬೆಲೆ. ಆರೋಗ್ಯದ ವಿಷಯದಲ್ಲಿ ವಂಶ ತಿಳಿದಿದ್ದರೆ ಆಗುವ ಉಪಕಾರವನ್ನು ಅಮೆರಿಕದ ಯಹೂದಿಗಳು ಟೇ-ಸ್ಯಾಕ್ಸ್ ಎಂಬ ಮಕ್ಕಳ ಮಾರಕ ಕಾಯಿಲೆಯನ್ನು ಮುಂಚಿತ ತಪಾಸಣೆಯಿಂದ ಬಹುತೇಕ ತಡೆದು ತೋರಿಸಿದ್ದಾರೆ. ಬಳ್ಳಾರಿಯಲ್ಲಿ ಸಾಕಷ್ಟಿರುವ ವೈಶ್ಯ ಸಮುದಾಯದಲ್ಲೂ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಒಂದು ಸ್ನಾಯು ಸಡಿಲಿಸುವ ಔಷಧಿಯನ್ನು ದೇಹ ಬೇಗ ಕರಗಿಸಲಾರದ ವಂಶವಾಹಿ ಗುಣ ಹೆಚ್ಚಾಗಿ ಕಂಡುಬಂದಿದೆ. ಮನೆಯಲ್ಲಿ ಹಿಂದೆ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತೆ ಎಂದು ವೈದ್ಯರು ಕೇಳುವುದು ಸುಮ್ಮನೆ ಅಲ್ಲ.

ಮುದುಕರ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಉಳಿದ ಪ್ರಶ್ನೆ. ಕಣ್ಣುಮುಚ್ಚಿ ನಂಬಬಾರದು. 1976ರಲ್ಲಿ ಅಲೆಕ್ಸ್ ಹೇಲಿ ಬರೆದ ‘ರೂಟ್ಸ್’ ಲಕ್ಷಾಂತರ ಜನರಿಗೆ ತಮ್ಮ ಹಿರಿಯರನ್ನು ಹುಡುಕುವ ಹುಚ್ಚು ಹಿಡಿಸಿತು, ಅದರ ಉಪಕಾರ ದೊಡ್ಡದು. ಆದರೆ ಆಫ್ರಿಕಾದ ಹಳ್ಳಿಯೊಂದರ ಹೇಳಿಕೆಯನ್ನು ನಂಬಿ ಅವನು ಜೋಡಿಸಿದ ಕೊಂಡಿಗಳು ದಾಖಲೆಗಳ ಮುಂದೆ ನಿಲ್ಲಲಿಲ್ಲ. ಕೇಳುವವನಿಗೆ ಏನು ಬೇಕೋ ಅದನ್ನು ಹೇಳುವುದು ಎಲ್ಲ ಊರಿನಲ್ಲೂ ಉಂಟು. ಒಂದು ಮನೆಯ ನೆನಪನ್ನು ತಿದ್ದುವುದು ಪಕ್ಕದ ಮನೆಯ ನೆನಪು. ಯಾರ ಮದುವೆ ಯಾವ ವರ್ಷ, ಯಾರು ಯಾರ ಮನೆಗೆ ದತ್ತು ಹೋದರು, ಯಾರು ಮೊದಲ ಹೆಂಡತಿ ಎಂಬುದನ್ನು ಮನೆಯವರು ಸಂಕೋಚದಿಂದ ಬದಲಿಸಬಹುದು, ನೆರೆಯವರು ಬದಲಿಸುವುದಿಲ್ಲ. ಕಂದಾಯ ಇಲಾಖೆಗೂ ಇದು ಗೊತ್ತು: ವಂಶವೃಕ್ಷ ಕೊಡುವ ಮೊದಲು ಸ್ಥಳದಲ್ಲಿ ಮಹಜರು ಮಾಡಿ ನೆರೆಹೊರೆಯವರ ಸಹಿ ಪಡೆಯುವ ರೂಢಿ ಇರುವುದು ಅದಕ್ಕೇ. ಸಾಕ್ಷ್ಯ ಕಾನೂನು ಇನ್ನೂ ಮುಂದೆ ಹೋಗುತ್ತದೆ. ಸತ್ತುಹೋದ ಬಂಧುವೊಬ್ಬರು ನಂಟಿನ ಬಗ್ಗೆ ಹೇಳಿದ ಮಾತು, ಮನೆತನದ ವಂಶಾವಳಿಯಲ್ಲೋ ಸಮಾಧಿ ಕಲ್ಲಿನ ಮೇಲೋ ಬರೆದ ಮಾತು, ವ್ಯಾಜ್ಯ ಹುಟ್ಟುವ ಮೊದಲು ಆಡಿದ್ದಾದರೆ ಅದು ಸಾಕ್ಷ್ಯಕ್ಕೆ ಒದಗುತ್ತದೆ ಎಂದು 1872ರ ಕಾಯ್ದೆಯೇ ಹೇಳಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ವ್ಯಾಜ್ಯ ಹುಟ್ಟುವ ಮೊದಲು ಎಂಬ ಷರತ್ತನ್ನು ಗಮನಿಸಬೇಕು. ಜಗಳ ಬಂದ ಮೇಲೆ ಬರೆದ ವಂಶಾವಳಿಗೆ ಬೆಲೆ ಕಡಿಮೆ.

ಇದು ಕೌಲ್ ಬಜಾರಿಗಷ್ಟೇ ಸಂಬಂಧಿಸಿದ ಮಾತಾಗಬೇಕಿಲ್ಲ. ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಸಿರುಗುಪ್ಪದ ಕಡೆ ಭೂಮಿ ಕೊಂಡು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅವರ ಮೂರನೆಯ ತಲೆಮಾರು ಈಗ ಕನ್ನಡ ಶಾಲೆಯಲ್ಲಿ ಓದಿ ಬೆಂಗಳೂರಿಗೆ, ಅಮೆರಿಕಕ್ಕೆ ಹೋಗುತ್ತಿದೆ. ಅವರು ಕ್ಯಾಂಪಿನವರು ಎನಿಸಿಕೊಂಡೇ ಉಳಿದಿದ್ದಾರೆ, ಊರಿನವರ ಯಾವ ಪಟ್ಟಿಯಲ್ಲೂ ಇಲ್ಲ. ಅಮೆರಿಕಕ್ಕೆ ಹೋದವರ ಕಥೆಯೂ ಇದೇ. ಅಮೆರಿಕ 1917ರಲ್ಲಿ ನಮ್ಮವರ ವಲಸೆಗೆ ತಡೆ ಹಾಕಿತ್ತು. 1946ರಲ್ಲಿ ವರ್ಷಕ್ಕೆ ನೂರು ಜನರಿಗೆ ದಾರಿ ಬಿಟ್ಟಿತು. 1965ರ ಕಾಯ್ದೆಯ ಮೇಲೆ ಬಾಗಿಲು ತೆರೆಯಿತು. ಬಳ್ಳಾರಿಯ ದಂಡಿನ ನೆಲದಲ್ಲಿ 1961ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಅನೇಕರು ಆ ಬಾಗಿಲಿನಿಂದ ಹೋದರು. ಅವರ ಮೊಮ್ಮಕ್ಕಳು ಈಗ ಅಲ್ಲಿನ ಶಾಲೆಗಳಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ಮೂರು ಮೆಟ್ಟಿಲು ಹತ್ತಿ ನಿಲ್ಲುತ್ತಾರೆ. ಆ ಮಕ್ಕಳಿಗೆ ಬೇಕಾದ ನಾಲ್ಕನೆಯ ಮೆಟ್ಟಿಲು ಅಮೆರಿಕದ ಯಾವ ದಾಖಲೆಯಲ್ಲೂ ಇಲ್ಲ, ಇಲ್ಲಿದೆ.

ಈ ಕೆಲಸಕ್ಕೆ ದೊಡ್ಡ ಹಣ ಬೇಡ. 2010ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳಿದ್ದಾರೆ. ಊರಲ್ಲಿ ನಾಲ್ಕೂ ಭಾಷೆ ಬಲ್ಲವರಿದ್ದಾರೆ. ಹೆಳವರಿದ್ದಾರೆ, ಅವರಿಗೆ ಸಂಬಳ ಕೊಟ್ಟು ಬಜಾರಿನ ಹುಡುಗರಿಗೆ ಕೇಳುವ ವಿಧಾನ ಕಲಿಸಬಹುದು. ಮನೆಗೊಂದು ಹಾಳೆ: ಬಾಗಿಲ ನಂಬರು, ಮೊದಲು ಬಂದವರ ಹೆಸರು, ಬಂದ ಊರು, ಕಸುಬು, ಹುಟ್ಟಿದ ಹೆಣ್ಣುಮಕ್ಕಳೆಲ್ಲರೂ ಸೇರಿದ ಮನೆಗಳು, ಸೊಸೆಯರೆಲ್ಲರೂ ಬಂದ ಮನೆಗಳು, ಯಾರು ಹೇಳಿದರು, ಯಾವ ದಿನ ಹೇಳಿದರು. ಕೊನೆಯ ಎರಡು ಕಾಲಂ ಇಲ್ಲದ ಹಾಳೆ ಮುಂದೆ ಯಾರಿಗೂ ಉಪಯೋಗಕ್ಕೆ ಬಾರದು. ಕೇಳಲು ಮೊದಲು ಹೋಗಬೇಕಾದದ್ದು ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದಾಗ ಮದುವೆಯಾಗಿ ಈ ಓಣಿಗಳಿಗೆ ಬಂದ ಅಜ್ಜಿಯರ ಬಳಿ. ಎರಡು ಮನೆಗಳ ಹೆಸರುಗಳನ್ನು ಬಲ್ಲವರು ಅವರು, ಅವರಿಗೀಗ ಎಂಬತ್ತೈದು ದಾಟಿದೆ. ಅವರಲ್ಲಿ ಅನೇಕರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ, ಕೇಳಲು ಹೋಗುವವರ ಜೊತೆ ಆ ಮನೆಯ ಮೊಮ್ಮಗಳೊಬ್ಬಳು ಇರಬೇಕು.